ಬಿತ್ತನೆಗೆ ಮುಂಚೆ ಸಾಮಾನು ಬರಲಿ: ಟ್ರ್ಯಾಕ್ಟರ್ ಕಂಪನಿಗಳಿಗೆ, ಡೀಲರ್‌ಗಳಿಗೆ, ಕೃಷಿ ಇಲಾಖೆಗೆ ಒಂದು ಬಹಿರಂಗ ಪತ್ರ

ಟ್ರ್ಯಾಕ್ಟರ್ ಕಂಪನಿಗಳ ಕರ್ನಾಟಕದ ಮುಖ್ಯಸ್ಥರಿಗೆ, ಜಿಲ್ಲೆ ತಾಲ್ಲೂಕುಗಳ ಡೀಲರ್‌ಗಳಿಗೆ ಮತ್ತು ಕೃಷಿ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ಒಬ್ಬ ರೈತ. ಗೋವಿನಜೋಳ, ಹತ್ತಿ, ಸ್ವಲ್ಪ ಮೆಣಸಿನಕಾಯಿ ಬೆಳೆಯುತ್ತೇನೆ. ಮನೆಯಲ್ಲಿ ಒಂದು ಟ್ರ್ಯಾಕ್ಟರ್ ಇದೆ. ನಮ್ಮ ಹೊಲದ ಕೆಲಸ ಮುಗಿದ ಮೇಲೆ ಊರವರ ಹೊಲಕ್ಕೂ ಬಾಡಿಗೆಗೆ ಹೋಗುತ್ತದೆ. ಸಾಲದ ಕಂತು ಕಟ್ಟುವುದು ಆ ಬಾಡಿಗೆ ದುಡ್ಡಿನಿಂದಲೇ. ನಮ್ಮ ಕಡೆ ಟ್ರ್ಯಾಕ್ಟರ್ ಇರುವ ಬಹಳ ಮನೆಗಳ ಲೆಕ್ಕ ಇದೇ.

ನಿಮ್ಮೆಲ್ಲರ ಹತ್ತಿರ ಕೇಳಬೇಕಾಗಿರುವುದು ಮುಖ್ಯವಾಗಿ ಒಂದು ಮಾತು. ಮುಂಗಾರಿಗೆ ಮುಂಚೆ ಮತ್ತು ಹಿಂಗಾರಿಗೆ ಮುಂಚೆ, ಬೇಗ ಸವೆಯುವ ಸಾಮಾನೆಲ್ಲ ತಾಲ್ಲೂಕಿನ ಡೀಲರ್ ಅಂಗಡಿಗೆ ಬಂದು ಕೂತಿರಲಿ. ಏನು ಬಂದಿದೆ, ಏನು ಇಲ್ಲ ಅನ್ನುವುದು ಅಂಗಡಿಯ ಹೊರಗೆ ಬೋರ್ಡಿನ ಮೇಲೆ ಬರೆದಿರಲಿ. ಉಳಿದ ದೂರುಗಳನ್ನೂ ಮುಂದೆ ಹೇಳುತ್ತೇನೆ. ಆದರೆ ಇದೊಂದು ಸರಿಹೋದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎರೆ ಹೊಲದ ಸ್ವಭಾವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಬೆಂಗಳೂರು, ಪುಣೆ, ಚೆನ್ನೈ ಆಫೀಸಿನಲ್ಲಿ ಕೂತವರಿಗೆ ಗೊತ್ತಿರಲಿಕ್ಕಿಲ್ಲ ಅಂತ ಹೇಳುತ್ತಿದ್ದೇನೆ. ಮಳೆ ಬಿದ್ದ ಕೂಡಲೇ ನಾವು ಹೊಲಕ್ಕೆ ಇಳಿಯುವ ಹಾಗಿಲ್ಲ. ಗಾಲಿಗೆ ಮಣ್ಣು ಮೆತ್ತಿ ಟ್ರ್ಯಾಕ್ಟರ್ ಹೂತುಹೋಗುತ್ತದೆ. ಒಂದೆರಡು ಬಿಸಿಲು ಬಿದ್ದು ಮೇಲ್ಮಣ್ಣು ಆರಬೇಕು. ಆಮೇಲೆ ಸಿಗುವುದು ಕೆಲವೇ ದಿನದ ಹದ. ಅಷ್ಟರಲ್ಲಿ ಹರಗಬೇಕು, ಕೂರಿಗೆ ಕಟ್ಟಬೇಕು, ಬಿತ್ತಬೇಕು. ತಡವಾಗಿ ಮತ್ತೆ ಮಳೆ ಹಿಡಿದರೆ ವಾರಗಟ್ಟಲೆ ಹೊಲದ ಬದುವಿನ ಮೇಲೆ ನಿಂತು ನೋಡುವುದೇ ಆಗುತ್ತದೆ. ಮಳೆ ಕೈಕೊಟ್ಟರೆ ತೇವ ಆರಿ, ಬಿತ್ತಿದ ಬೀಜ ಹುಟ್ಟುವುದಿಲ್ಲ.

ಊರಿನ ಎಲ್ಲಾ ಟ್ರ್ಯಾಕ್ಟರ್‌ಗಳೂ ಈ ದಿನಗಳಲ್ಲಿ ಬೆಳಗಿನ ಜಾವದಿಂದ ರಾತ್ರಿ ಲೈಟ್ ಹಾಕಿಕೊಂಡು ಓಡುತ್ತವೆ. ಹಾಗಾಗಿ ಕೆಡುವುದೂ ಆಗಲೇ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸುಮ್ನೆ ನಿಂತ ಟ್ರ್ಯಾಕ್ಟರ್ ಕೆಡುವುದು ಕಡಿಮೆ, ಹದದ ಹೊತ್ತಿನಲ್ಲಿ ಕ್ಲಚ್ ಹೋಗುತ್ತದೆ, ಹಿಂದೆ ಕಟ್ಟಿದ ಸಲಕರಣೆಯನ್ನು ಲಿಫ್ಟ್ ಎತ್ತುವುದಿಲ್ಲ. ಇದು ಯಾರಿಗೂ ಹೊಸ ವಿಷಯ ಅಲ್ಲ. ಪ್ರತಿ ವರ್ಷ ಗೊತ್ತಿರುವ ಹೊತ್ತಿಗೇ ಬರುವ ಕಷ್ಟಕ್ಕೆ ಪ್ರತಿ ವರ್ಷವೂ ತಯಾರಿ ಇಲ್ಲ ಅನ್ನುವುದೇ ನನ್ನ ಸಂಕಟ.

ಬೇರೆ ಕಡೆಯ ಕಥೆಯೂ ಹೆಚ್ಚುಕಡಿಮೆ ಇದೇ. ವಿಜಯಪುರದ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಬ್ಲೋವರ್ ಓಡುವುದು ಸಣ್ಣ ಟ್ರ್ಯಾಕ್ಟರಿನ ಪಿಟಿಒ, ಅಂದರೆ ಹಿಂದೆ ತಿರುಗುವ ಶಾಫ್ಟ್ ಮೇಲೆ. ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಮಳೆ ಹಿಡಿದರೆ ಡೌನಿ ರೋಗ ಕಾಯುತ್ತಾ ಕೂರುವುದಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ನಿಂತರೆ, ಮುಂಗಡ ಕೊಟ್ಟು ಕರೆತಂದ ಕಬ್ಬು ಕಡಿಯುವ ಗ್ಯಾಂಗ್ ಕೂಡ ಕೈಕಟ್ಟಿ ಕೂರುತ್ತದೆ. ಗಂಗಾವತಿಯಲ್ಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಗಾಲಿ) ಹಾಕಿ ಗದ್ದೆ ಕೆಸರು ಮಾಡುವವರಿಗೆ ಕಾಲುವೆ ನೀರಿನ ಅವಸರ. ಬೆಳೆ ಬೇರೆ ಇರಬಹುದು, ಡೀಲರ್ ಅಂಗಡಿಯಲ್ಲಿ ಕೇಳುವ ಉತ್ತರ ಒಂದೇ: "ಸ್ಟಾಕ್ ಇಲ್ರಿ, ಹಾಕೀವಿ, ಬರತೈತ್ರಿ."

ಹೋದ ಮುಂಗಾರಿನಲ್ಲಿ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಡೀಲರ್ ಹೆಸರು, ಕಂಪನಿ ಹೆಸರು ಬೇಡ. ಒಬ್ಬರ ಮೇಲೆ ಹಗೆ ಸಾಧಿಸುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಇದೇ ಕಥೆ ಬೇರೆ ಬೇರೆ ಕಂಪನಿಯ ಟ್ರ್ಯಾಕ್ಟರ್ ಇರುವವರಿಂದಲೂ ಕೇಳಿದ್ದೇನೆ.

ಹೊಲದಲ್ಲಿ ಏರು ಬಂದಾಗ ಎಂಜಿನ್ ಸದ್ದು ಜೋರಾಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಕ್ಲಚ್ ಸವೆದಿದೆ ಅಂತ ಗೊತ್ತಾಯಿತು. ಅದೇ ದಿನ ಡೀಲರ್ ಶೆಡ್ಡಿಗೆ ತಂದು ನಿಲ್ಲಿಸಿದೆವು. ಹುಡುಗರು ಚುರುಕಾಗಿದ್ದರು. ಮಧ್ಯಾಹ್ನದೊಳಗೆ ಟ್ರ್ಯಾಕ್ಟರ್ ಎರಡು ಭಾಗ ಮಾಡಿದರು. ಕ್ಲಚ್ ಕೆಲಸ ಅಂದರೆ ಹಾಗೆಯೇ. ಎಂಜಿನ್ ಒಂದು ಕಡೆ, ಗೇರ್ ಬಾಕ್ಸ್ ಒಂದು ಕಡೆ ಬಿಚ್ಚಬೇಕು. ಮುಂದಿನ ಭಾಗ ಪಕ್ಕಕ್ಕೆ ವಾಲದ ಹಾಗೆ ಮುಂದಿನ ಆಕ್ಸಲ್ ಮೇಲೆ ಕಟ್ಟಿಗೆಯ ಬೆಣೆ ಹೊಡೆದರು. ಹಿಂದಿನ ಭಾಗಕ್ಕೆ ಜಾಕ್ ಕೊಟ್ಟರು. ಸವೆದ ಪ್ಲೇಟು ತೆಗೆದು ಕೈಗೆ ಕೊಟ್ಟರು, ರಿವಿಟ್ ಹೊಳೆಯುತ್ತಿದ್ದವು. ಹೊಸ ಪ್ಲೇಟು ಕೌಂಟರ್‌ನಲ್ಲಿ ಇತ್ತು. ಕ್ಲಚ್ ತುಳಿದಾಗ ಅದನ್ನು ಬಿಡಿಸುವ ರಿಲೀಸ್ ಬೇರಿಂಗ್ ಇರಲಿಲ್ಲ.

ಬಿಚ್ಚಿದ ಮೇಲೆ ಗೊತ್ತಾಗಿದ್ದು ಇದು. ಬಿಚ್ಚುವ ಮುಂಚೆ ಯಾರೂ ಕೌಂಟರ್‌ಗೆ ಹೋಗಿ ಕೇಳಿರಲಿಲ್ಲ. ಹಳೆಯ ಬೇರಿಂಗ್ ಸದ್ದು ಮಾಡುತ್ತಿತ್ತು, ಅದನ್ನೇ ವಾಪಸ್ ಹಾಕಿದರೆ ಮತ್ತೆ ಟ್ರ್ಯಾಕ್ಟರ್ ಒಡೆಯಬೇಕು, ಮತ್ತೆ ಅಷ್ಟೇ ಲೇಬರ್. ಹುಬ್ಬಳ್ಳಿಯಿಂದ ನಾಳೆ ಬರುತ್ತದೆ ಅಂದರು. ನಾಳೆ ಹೋದರೆ ಮತ್ತೆ ನಾಳೆ. ಕೊನೆಗೆ ಬಂದ ಬೇರಿಂಗ್ ಬೇರೆ ಮಾಡೆಲ್‌ದು. ನಮ್ಮದು ಡಬಲ್ ಕ್ಲಚ್, ಬಂದದ್ದು ಸಿಂಗಲ್ ಕ್ಲಚ್‌ದು. ನಮ್ಮ ಟ್ರ್ಯಾಕ್ಟರ್ ಎರಡು ತುಂಡಾಗಿ ಶೆಡ್ಡಿನಲ್ಲಿ ಇರುವಾಗ ಊರಿನಲ್ಲಿ ಬಿತ್ತನೆ ಮುಗಿಯುತ್ತಾ ಬಂತು. ನಾವು ಪಕ್ಕದೂರಿನವರಿಗೆ ಕೈಮುಗಿದು, ಅವರ ಸರದಿ ಮುಗಿದ ಮೇಲೆ, ಜಾಸ್ತಿ ಬಾಡಿಗೆ ಕೊಟ್ಟು ಬಿತ್ತಿಸಿದೆವು. ಬಾಡಿಗೆಗೆ ಒಪ್ಪಿಕೊಂಡಿದ್ದ ಮನೆಗಳು ಬೇರೆಯವರನ್ನು ಹುಡುಕಿಕೊಂಡವು. ಅದರಲ್ಲಿ ಕೆಲವರು ಈ ವರ್ಷವೂ ವಾಪಸ್ ಬಂದಿಲ್ಲ.

ಇಲ್ಲಿ ಮೆಕ್ಯಾನಿಕ್ ಹುಡುಗರ ಕೆಲಸದಲ್ಲಿ ನಾನು ಹುಳುಕು ಹುಡುಕುವುದಿಲ್ಲ. ಅವರು ಬಿಚ್ಚಿದ್ದೂ ಚೆನ್ನಾಗಿತ್ತು, ಜೋಡಿಸಿದ್ದೂ ಚೆನ್ನಾಗಿತ್ತು. ಕೆಟ್ಟಿದ್ದು ವ್ಯವಸ್ಥೆ. ಕ್ಲಚ್ ಕೆಲಸಕ್ಕೆ ಕೈಹಾಕುವ ಮುಂಚೆ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಆಯಿಲ್ ಸೀಲ್ ಎಲ್ಲಾ ಒಟ್ಟಿಗೆ ಟೇಬಲ್ ಮೇಲೆ ಇಟ್ಟು ನೋಡಬೇಕು. ಒಂದು ಇಲ್ಲದಿದ್ದರೂ ರೈತನಿಗೆ ಹೇಳಬೇಕು: "ಈ ಸಾಮಾನು ಇಲ್ಲ. ಕ್ಲಚ್ ಇನ್ನೂ ಪೂರ್ತಿ ಹೋಗಿಲ್ಲ. ಬಿತ್ತನೆಗೆ ಹಗುರ ಕೆಲಸ ಮಾಡಿಕೊಳ್ಳಿ, ಸಾಮಾನು ಬಂದ ದಿನ ಫೋನ್ ಮಾಡುತ್ತೇವೆ." ಇಷ್ಟು ಹೇಳಿದ್ದರೆ ನಾವೇ ದಾರಿ ನೋಡಿಕೊಳ್ಳುತ್ತಿದ್ದೆವು. ಸಾಮಾನು ಕೈಗೆ ಬರದೆ ಟ್ರ್ಯಾಕ್ಟರ್ ಬಿಚ್ಚಬೇಡಿ. ಪ್ರತಿ ಸರ್ವೀಸ್ ಶೆಡ್ಡಿನ ಗೋಡೆಯ ಮೇಲೂ ದೊಡ್ಡ ಅಕ್ಷರದಲ್ಲಿ ಇದನ್ನು ಬರೆಸಿ ಅಂತ ಕಂಪನಿಯವರನ್ನು ಕೇಳಿಕೊಳ್ಳುತ್ತೇನೆ.

ಡೀಲರ್‌ಗಳಿಗೆ ಇನ್ನೊಂದು ಮಾತು, ಅದೇ "ನಾಳೆ"ಯ ಬಗ್ಗೆ. ಎಂಟು ದಿನ ಆಗುತ್ತದೆ ಅಂತ ಗೊತ್ತಿದ್ದರೆ ಎಂಟು ದಿನ ಅಂತಲೇ ಹೇಳಿ. ಬೈಸಿಕೊಳ್ಳುವ ಭಯಕ್ಕೆ ನಾಳೆ ಅನ್ನುತ್ತೀರಿ, ಅದು ನನಗೂ ಗೊತ್ತು. ಆದರೆ ಎಂಟು ದಿನ ಅಂದರೆ ನಾವು ಅವತ್ತೇ ಬೇರೆ ಟ್ರ್ಯಾಕ್ಟರ್ ಗೊತ್ತು ಮಾಡುತ್ತೇವೆ. ನಾಳೆ ಅಂದರೆ ನಾಳೆಗೆ ಕಾಯುತ್ತೇವೆ. ಹೀಗೆ ಕಾದು ಕಾದು ಹದ ಹೋಗುತ್ತದೆ. ಅವತ್ತು ನಿಮ್ಮ ಮೇಲೆ ಹೋದ ನಂಬಿಕೆ ಆಮೇಲೆ ಕ್ಯಾಲೆಂಡರ್ ಕೊಟ್ಟರೆ, ಟೋಪಿ ಕೊಟ್ಟರೆ ವಾಪಸ್ ಬರುವುದಿಲ್ಲ.

ಯಾವ ಸಾಮಾನು ಮುಂಚೆ ತರಿಸಿಡಬೇಕು ಅನ್ನುವುದಕ್ಕೆ ದೊಡ್ಡ ಸಂಶೋಧನೆ ಬೇಕಾಗಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ. ಹೋದ ಮೂರು ವರ್ಷ ಜೂನ್, ಜುಲೈನಲ್ಲಿ ಏನೇನು ಬಿಲ್ ಆಗಿದೆ, ಏನೇನು ಕೇಳಿ ಇಲ್ಲ ಅನ್ನಿಸಿಕೊಂಡಿದೆ, ನೋಡಿ. ಕ್ಲಚ್ಚಿನ ಪೂರ್ತಿ ಸೆಟ್, ಲಿಫ್ಟಿನ ಓ ರಿಂಗ್ ಮತ್ತು ಸೀಲ್ ಕಿಟ್, ಹೈಡ್ರಾಲಿಕ್ ಪಂಪ್, ಡೀಸೆಲ್ ಫಿಲ್ಟರ್, ಆಯಿಲ್ ಫಿಲ್ಟರ್, ಫ್ಯಾನ್ ಬೆಲ್ಟ್, ವಾಟರ್ ಪಂಪ್, ರೇಡಿಯೇಟರ್ ಪೈಪು, ಸೆಲ್ಫ್ ಸಾಮಾನು, ಬ್ರೇಕ್ ಪ್ಲೇಟು, ಮುಂದಿನ ಗಾಲಿಯ ಬೇರಿಂಗ್, ಟೈ ರಾಡ್ ಎಂಡ್. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಾಡೆಲ್ ಎಷ್ಟು ಓಡುತ್ತಿವೆ ಅನ್ನುವುದು ಮಾರಿದ ನಿಮಗೇ ಚೆನ್ನಾಗಿ ಗೊತ್ತು.

ಕೆಲವೇ ರೂಪಾಯಿಯ ಒಂದು ರಬ್ಬರ್ ರಿಂಗ್ ಹೋದರೆ ಲಿಫ್ಟ್ ಮೇಲೆ ನಿಲ್ಲುವುದಿಲ್ಲ, ಕೆಳಗಿಳಿಯುತ್ತದೆ. ರೋಟವೇಟರ್ ಎತ್ತಿ ಬದು ದಾಟಿಸುವ ಹಾಗಿಲ್ಲ, ಹೊಲದ ಅಂಚಿನಲ್ಲಿ ತಿರುಗಿಸುವ ಹಾಗಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರ ಆ ರಿಂಗಿಗಾಗಿ ಹೊಲದಲ್ಲಿ ನಿಂತಿರುತ್ತದೆ. ಆ ರಿಂಗ್ ಹಾಕಲು ಲಿಫ್ಟ್ ಕವರ್ ಎತ್ತಬೇಕು, ಬಕೆಟ್‌ಗಟ್ಟಲೆ ಎಣ್ಣೆ ಇಳಿಸಬೇಕು, ಆ ಎಣ್ಣೆಗೆ ಮಣ್ಣು ಬೀಳದ ಹಾಗೆ ನೋಡಿಕೊಳ್ಳಬೇಕು. ಇಷ್ಟೆಲ್ಲಾ ಮಾಡುವ ಕೆಲಸಗಾರ ಸಿಕ್ಕೂ ರಿಂಗ್ ಸಿಗದಿದ್ದರೆ ಹೇಗೆ ಹೇಳಿ.

ಕಂಪನಿಯ ದೊಡ್ಡವರು ಒಮ್ಮೆ ಎಚ್‌ಎಂಟಿ ಟ್ರ್ಯಾಕ್ಟರ್ ಕಡೆ ನೋಡಬೇಕು. 1971ರಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ಸಹಾಯದಿಂದ ಹರಿಯಾಣದ ಪಿಂಜೋರ್‌ನಲ್ಲಿ ಶುರುವಾದದ್ದು ಅದು. 2016ರಲ್ಲಿ ಕೇಂದ್ರ ಸರ್ಕಾರ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ತೀರ್ಮಾನ ಮಾಡಿತು. ಇವತ್ತಿಗೂ ನಮ್ಮ ಕಡೆ ಹಳೆಯ ಎಚ್‌ಎಂಟಿಗಳು ಹೊಲದಲ್ಲಿ ಓಡುತ್ತಿವೆ. ಹೇಗೆ? ಅದರ ಸಾಮಾನು ಮಾರುವ ಅಂಗಡಿಗಳು ಊರೂರಲ್ಲಿ ಬೆಳೆದಿದ್ದವು. ಅದನ್ನು ಬಿಚ್ಚಿ ಕಟ್ಟಲು ಬರುವ ಮೇಸ್ತ್ರಿಗಳು ತಯಾರಾಗಿದ್ದರು. ಯಾವ ಬೇರಿಂಗ್, ಎಷ್ಟು ನಂಬರ್ ಅನ್ನುವುದು ಯಾರೂ ಬಚ್ಚಿಟ್ಟ ವಿಷಯ ಆಗಿರಲಿಲ್ಲ. ತಯಾರಿಸಿದ ಕಾರ್ಖಾನೆ ಬಾಗಿಲು ಹಾಕಿದ ಟ್ರ್ಯಾಕ್ಟರ್‌ಗೆ ಸಾಮಾನು ಸಿಗುತ್ತದೆ. ಭರ್ಜರಿಯಾಗಿ ನಡೆಯುತ್ತಿರುವ ಕಂಪನಿಯ ನಾಲ್ಕು ವರ್ಷದ ಟ್ರ್ಯಾಕ್ಟರ್‌ಗೆ ಸಿಗುವುದಿಲ್ಲ. ಇದನ್ನು ನಾವು ಹೇಗೆ ಒಪ್ಪಿಕೊಳ್ಳಬೇಕು?

ಇದಕ್ಕೆ ಒಂದು ಕಾರಣ ನನಗೆ ಕಾಣುವುದು ಮಾಡೆಲ್‌ಗಳ ಗಲಾಟೆ. ಎರಡು ವರ್ಷಕ್ಕೊಮ್ಮೆ ಬಾನೆಟ್ ಬದಲು, ಹೆಸರು ಬದಲು, ಒಳಗೆ ಒಂದೆರಡು ಸಾಮಾನು ಬದಲು. ಒಂದೇ ಹೆಸರಿನ ಟ್ರ್ಯಾಕ್ಟರ್‌ಗೆ ಹೋದ ವರ್ಷದ ಸಾಮಾನು ಈ ವರ್ಷದ್ದಕ್ಕೆ ಕೂರುವುದಿಲ್ಲ. ಡೀಲರ್ ತಾನೇ ಎಷ್ಟು ಅಂತ ತುಂಬಿಟ್ಟುಕೊಳ್ಳುತ್ತಾನೆ? ಮಾಡೆಲ್ ಬದಲಿಸುವುದು ನಿಮ್ಮ ವ್ಯಾಪಾರ, ಬೇಡ ಅನ್ನುವುದಿಲ್ಲ. ಆದರೆ ಮಾರಾಟ ನಿಲ್ಲಿಸಿದ ಮೇಲೆ ಎಷ್ಟು ವರ್ಷ ಅದರ ಸಾಮಾನು ಕೊಡುತ್ತೀರಿ ಅನ್ನುವುದನ್ನು ಮಾರುವ ದಿನವೇ ಕಾಗದದ ಮೇಲೆ ಬರೆದುಕೊಡಿ. ಟ್ರ್ಯಾಕ್ಟರ್ ಐದು ವರ್ಷಕ್ಕೆ ಬಿಸಾಕುವ ವಸ್ತು ಅಲ್ಲ. ನಮ್ಮ ಮನೆಗಳಲ್ಲಿ ಅಪ್ಪ ತಂದದ್ದನ್ನು ಮಗ ಓಡಿಸುತ್ತಾನೆ.

ಡೀಲರ್‌ಗಳ ಕಷ್ಟವೂ ನನಗೆ ಗೊತ್ತಿದೆ, ಅದನ್ನು ಬಿಟ್ಟು ಬರೆದರೆ ಅನ್ಯಾಯವಾಗುತ್ತದೆ. ತಿಂಗಳ ಕೊನೆ ಬಂತು ಅಂದರೆ ಕಂಪನಿಯವರು ಟಾರ್ಗೆಟ್ ಅಂತ ಬೆನ್ನು ಹತ್ತುತ್ತಾರೆ. ಮಾರಾಟ ಆಗಿರಲಿ ಬಿಡಲಿ ಟ್ರ್ಯಾಕ್ಟರ್‌ಗಳು ಯಾರ್ಡಿಗೆ ಬಂದು ಇಳಿಯುತ್ತವೆ. ಡೀಲರ್ ದುಡ್ಡೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಬಡ್ಡಿ ಓಡುತ್ತದೆ. ಸಾಮಾನು ತರಿಸಿಡಲು ಕೈಯಲ್ಲಿ ದುಡ್ಡೇ ಇರುವುದಿಲ್ಲ. ತರಿಸಿದ್ದು ಖರ್ಚಾಗದಿದ್ದರೆ ವಾಪಸ್ ತೆಗೆದುಕೊಳ್ಳಲು ಕಂಪನಿ ತಕರಾರು. ಇನ್ನು ಹುಡುಗರು. ಐಟಿಐನಲ್ಲಿ ಮೆಕ್ಯಾನಿಕ್ ಟ್ರ್ಯಾಕ್ಟರ್ ಅಂತ ಒಂದು ಟ್ರೇಡ್ ಇದೆ. ಅದನ್ನು ಮುಗಿಸಿ ಬಂದವನು ಶೆಡ್ಡಿನಲ್ಲಿ ಕೆಲಸ ಕಲಿತು ಕೈ ಕುದುರುವ ಹೊತ್ತಿಗೆ ಜೆಸಿಬಿ ಕಡೆಗೋ, ಸ್ವಂತ ಗ್ಯಾರೇಜಿಗೋ ಹೋಗುತ್ತಾನೆ. ಸಂಬಳ ಅಷ್ಟೇ ಇದ್ದರೆ ಯಾಕೆ ನಿಲ್ಲುತ್ತಾನೆ?

ಹಾಗಾಗಿ ಕಂಪನಿಯವರೇ, ಇದರ ಹೊಣೆಯನ್ನು ಡೀಲರ್ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬೇಡಿ. ಮುಂಗಾರಿಗೆ ಮುಂಚೆ ಸಾಮಾನನ್ನು ಡೀಲರ್‌ಗೆ ಸಾಲದ ಮೇಲೆ ಕೊಡಿ. ಸೀಸನ್ ಮುಗಿದ ಮೇಲೆ ಉಳಿದದ್ದನ್ನು ವಾಪಸ್ ತೆಗೆದುಕೊಳ್ಳಿ. ಡೀಲರ್ ಎಷ್ಟು ಟ್ರ್ಯಾಕ್ಟರ್ ಮಾರಿದ ಅಂತ ಬಹುಮಾನ ಕೊಡುತ್ತೀರಿ, ಫಾರಿನ್ ಟೂರ್ ಕಳಿಸುತ್ತೀರಿ. ಜೂನ್ ತಿಂಗಳಲ್ಲಿ ಅವನ ಶೆಡ್ಡಿನಲ್ಲಿ ಸಾಮಾನಿಲ್ಲದೆ ನಿಂತ ಟ್ರ್ಯಾಕ್ಟರ್ ಎಷ್ಟು, ಎಷ್ಟು ದಿನ ನಿಂತವು ಅನ್ನುವುದನ್ನೂ ಲೆಕ್ಕ ಹಾಕಿ. ಬಹುಮಾನಕ್ಕೆ ಆ ಲೆಕ್ಕವೂ ಸೇರಲಿ. ಅದೊಂದು ಕಾಲಂ ನಿಮ್ಮ ವರದಿಯಲ್ಲಿ ಬಂದರೆ ಎಲ್ಲರ ನಡೆಯೂ ಬದಲಾಗುತ್ತದೆ ಅನ್ನುವ ನಂಬಿಕೆ ನನಗಿದೆ.

ಟ್ರ್ಯಾಕ್ಟರ್ ಕೊಳ್ಳುವ ದಿನ ಹಾರ ಹಾಕುತ್ತೀರಿ, ದೊಡ್ಡ ಬೀಗದ ಕೈ ಕೊಟ್ಟು ಫೋಟೋ ತೆಗೆಸುತ್ತೀರಿ, ಮನೆಯವರಿಗೆಲ್ಲ ಸಿಹಿ ಕೊಡುತ್ತೀರಿ. ಅದು ನಮಗೆ ನಿಜವಾಗಿ ಸಂತೋಷದ ದಿನ. ದಸರಾ, ದೀಪಾವಳಿಗೆ ತಂದರೆ ಊರೆಲ್ಲ ನೋಡಲು ಬರುತ್ತದೆ. ಆಮೇಲೆ ಅದೇ ಶೋರೂಮ್‌ಗೆ ಕೈಯಲ್ಲಿ ಮುರಿದ ಸಾಮಾನು ಹಿಡಿದುಕೊಂಡು ಹೋದಾಗ ಕೂರಿ ಅನ್ನುವವರು ಇರುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಹಾಗೆ. ಮನೆಯ ಹೆಣ್ಣುಮಕ್ಕಳು ಹೋದರಂತೂ "ಯಜಮಾನರನ್ನ ಕಳಸ್ರಿ ಅಕ್ಕಾರ" ಅಂತ ವಾಪಸ್ ಕಳಿಸುತ್ತಾರೆ. ಆರ್‌ಸಿ ಅವರ ಹೆಸರಿನಲ್ಲಿ ಇರಬಹುದು, ಕಂತು ಕಟ್ಟುವವರು ಅವರೇ ಇರಬಹುದು, ಟ್ರ್ಯಾಕ್ಟರ್ ಯಾವ ಸದ್ದು ಮಾಡಿತು ಅಂತ ಸರಿಯಾಗಿ ಹೇಳುವವರೂ ಅವರೇ ಇರಬಹುದು. ಅವರ ಮಾತು ಬರೆದುಕೊಂಡು ಜಾಬ್ ಕಾರ್ಡ್ (ರಿಪೇರಿ ಕೆಲಸದ ಚೀಟಿ) ತೆರೆಯುವುದಕ್ಕೆ ಏನು ಅಡ್ಡಿ?

ಜಾಬ್ ಕಾರ್ಡ್ ಮಾತು ಬಂತು, ಅಲ್ಲಿಗೇ ಬರೋಣ. ಟ್ರ್ಯಾಕ್ಟರ್ ಶೆಡ್ಡಿನೊಳಗೆ ಬಂದ ಕೂಡಲೇ ಜಾಬ್ ಕಾರ್ಡ್ ಆಗಬೇಕು. ಬಂದ ದಿನ, ಗಂಟೆ ಮೀಟರ್ ಎಷ್ಟಿದೆ, ರೈತ ಹೇಳಿದ ದೂರು ಏನು, ಏನು ಮಾಡುತ್ತೇವೆ, ಎಷ್ಟು ಖರ್ಚು ಆಗಬಹುದು, ಯಾವಾಗ ಕೊಡುತ್ತೇವೆ. ಒಂದು ಪ್ರತಿ ರೈತನ ಕೈಗೆ. ವಾರಂಟಿಯಲ್ಲಿ ಬರುವುದಿಲ್ಲ ಅಂದರೆ ಯಾಕೆ ಬರುವುದಿಲ್ಲ ಅಂತ ಅದರ ಮೇಲೇ ಬರೆದು ಸಹಿ ಹಾಕಿ. ಈಗ ಆಗುವುದು ಬಾಯಿ ಮಾತು. "ಡ್ರೈವರ್ ಸರಿಯಾಗಿ ಓಡಿಸಿಲ್ಲ" ಅಂದುಬಿಟ್ಟರೆ ಮುಗಿಯಿತು. ಅದನ್ನು ಯಾರು ನೋಡಿ ತೀರ್ಮಾನ ಮಾಡಿದರು, ಯಾವ ಗುರುತು ನೋಡಿ ಹೇಳಿದರು, ಯಾರಿಗೂ ಗೊತ್ತಿಲ್ಲ. ಕಾಗದದ ಮೇಲೆ ಸಹಿ ಹಾಕಬೇಕಾದಾಗ ಮನುಷ್ಯ ಸ್ವಲ್ಪ ಯೋಚಿಸಿ ಮಾತಾಡುತ್ತಾನೆ.

ವಾರಂಟಿ ಪುಸ್ತಕವನ್ನು ಮಾರುವಾಗಲೇ ಕನ್ನಡದಲ್ಲಿ ಓದಿ ಹೇಳಿ. ಎಷ್ಟೋ ರೈತರು ಐದು ವರ್ಷ, ಆರು ವರ್ಷ ವಾರಂಟಿ ಅಂತ ಬ್ಯಾನರ್ ನೋಡಿ ಬರುತ್ತಾರೆ. ವರ್ಷದ ಜೊತೆ ಗಂಟೆಯ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯುತ್ತದೆ. ಬಾಡಿಗೆಗೆ ಓಡುವ ಟ್ರ್ಯಾಕ್ಟರ್‌ನ ಗಂಟೆ ಬೇಗ ತುಂಬುತ್ತದೆ. ಟೈರು, ಬ್ಯಾಟರಿ, ಡೀಸೆಲ್ ಪಂಪು ಬೇರೆ ಕಂಪನಿಯವು, ಅವರ ವಾರಂಟಿ ಬೇರೆ ಅಂತ ಸಾಮಾನ್ಯವಾಗಿ ಪುಸ್ತಕದ ಒಳಗೆ ಇರುತ್ತದೆ. ಮೊದಲ ಸರ್ವೀಸ್ ಸಾಮಾನ್ಯವಾಗಿ 50 ಗಂಟೆಗೆ. ಉಳುಮೆ ಹೊತ್ತಿನಲ್ಲಿ 50 ಗಂಟೆ ಒಂದು ವಾರಕ್ಕೇ ಆಗಿಬಿಡುತ್ತದೆ. ಹೊಸ ಟ್ರ್ಯಾಕ್ಟರ್ ಕೊಟ್ಟು ಒಂದು ವಾರಕ್ಕೆ ಫೋನ್ ಮಾಡಿ ಮೀಟರ್ ಎಷ್ಟಾಯಿತು ಅಂತ ಕೇಳುವ ಡೀಲರ್ ನಮ್ಮ ಕಣ್ಣಲ್ಲಿ ದೊಡ್ಡವನಾಗುತ್ತಾನೆ. ಅಂಥವರೂ ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅವರ ಶೋರೂಮ್ ಸಣ್ಣದು, ಗಿರಾಕಿ ಮಾತ್ರ ಅಪ್ಪನ ಕಾಲದಿಂದ ಅವರೇ.

ಊರ ಮೇಸ್ತ್ರಿಗಳ ವಿಷಯಕ್ಕೆ ಬರುತ್ತೇನೆ. ಡೀಲರ್ ಶೆಡ್ ತಾಲ್ಲೂಕಿನಲ್ಲಿ. ಮೇಸ್ತ್ರಿ ನಮ್ಮ ಹೋಬಳಿಯಲ್ಲಿ, ಕರೆದರೆ ರಾತ್ರಿ ಬ್ಯಾಟರಿ ಹಿಡಿದುಕೊಂಡು ಹೊಲಕ್ಕೇ ಬರುತ್ತಾನೆ. ವಾರಂಟಿ ಮುಗಿದ ಮೇಲೆ ನಮ್ಮ ಟ್ರ್ಯಾಕ್ಟರ್ ನಡೆಸುವವನು ಅವನೇ. ಅವನು ಕೌಂಟರ್‌ಗೆ ಹೋದರೆ ಕಂಪನಿ ಸಾಮಾನು ಕೊಡಲು ಹಿಂದೆಮುಂದೆ ನೋಡುವುದು, ಪಾರ್ಟ್ ನಂಬರ್ ಹೇಳದೆ ಇರುವುದು ಕೆಲವು ಕಡೆ ಇದೆ. ಅವನು ನಿಮ್ಮ ಶತ್ರು ಅಲ್ಲ. ಅವನು ಒರಿಜಿನಲ್ ಸಾಮಾನು ಹಾಕಿದರೆ ನಿಮ್ಮ ಟ್ರ್ಯಾಕ್ಟರ್‌ಗೇ ಒಳ್ಳೆಯ ಹೆಸರು. ನೀವು ಕೊಡದಿದ್ದರೆ ಅವನು ಹೊರಗಿನ ಡೂಪ್ಲಿಕೇಟ್ ಹಾಕುತ್ತಾನೆ, ಆರು ತಿಂಗಳಿಗೆ ಮತ್ತೆ ಬಿಚ್ಚಬೇಕಾಗುತ್ತದೆ. ಕಂಪನಿಗಳು ಬೇಸಿಗೆಯಲ್ಲಿ ಊರ ಮೇಸ್ತ್ರಿಗಳನ್ನು ಕರೆದು ಎರಡು ದಿನ ತರಬೇತಿ ಕೊಡಲಿ, ಪಾರ್ಟ್ ಕ್ಯಾಟಲಾಗ್ ಕೊಡಲಿ.

ಹೊಸ ಎಂಜಿನ್‌ಗಳು ಬಂದ ಮೇಲೆ ಈ ಕೆಲಸ ಇನ್ನೂ ಅವಸರದ್ದು. 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಜಾಸ್ತಿ ಇರುವ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಆ ಟ್ರ್ಯಾಕ್ಟರ್‌ಗಳಲ್ಲಿ ಡೀಸೆಲ್ ಹಾಯಿಸುವುದು ಸೆನ್ಸರ್ ಮತ್ತು ಕಂಪ್ಯೂಟರ್ ಹೇಳಿದ ಹಾಗೆ. ಹೊಗೆ ಕಡಿಮೆ ಆಗುವುದು ಒಳ್ಳೆಯದೇ. ಆದರೆ ಒಂದು ಸೆನ್ಸರ್ ಹೋಗಿ ಎಂಜಿನ್ ಶಕ್ತಿ ಇಳಿಸಿಕೊಂಡರೆ, ಕಿವಿಯಿಂದ ಕೇಳಿ ರೋಗ ಹೇಳುತ್ತಿದ್ದ ಮೇಸ್ತ್ರಿ ಕೈಚೆಲ್ಲುತ್ತಾನೆ. ದೋಷದ ಕೋಡ್ ಓದುವ, ಡೀಲರ್ ಹತ್ತಿರದ ಸ್ಕ್ಯಾನರ್ ಬರಬೇಕು. ಅದು ಜಿಲ್ಲೆಗೆ ಒಂದೋ ಎರಡೋ ಇದ್ದರೆ ಹದದ ಹೊತ್ತಿನಲ್ಲಿ ಯಾರ ಹೊಲಕ್ಕೆ ಅಂತ ಬರುತ್ತದೆ? ಸ್ಕ್ಯಾನರ್ ತಾಲ್ಲೂಕಿಗೊಂದು ಇರಲಿ. ದೋಷದ ಕೋಡ್ ಏನು ಹೇಳುತ್ತದೆ ಅನ್ನುವುದು ಕನ್ನಡದಲ್ಲಿ ಎಲ್ಲರಿಗೂ ಸಿಗಲಿ.

ಇದು ನಾನೊಬ್ಬ ಕೇಳುತ್ತಿರುವ ಹೊಸ ಬೇಡಿಕೆ ಅಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನ, ಅದಕ್ಕಾಗಿ ಒಂದು ಪೋರ್ಟಲ್ ತೆರೆಯಿತು. ಆಗ ಆರಿಸಿದ ನಾಲ್ಕು ಕ್ಷೇತ್ರಗಳಲ್ಲಿ ಮೊಬೈಲ್, ಮನೆಬಳಕೆ ವಸ್ತು, ವಾಹನಗಳ ಜೊತೆ ಕೃಷಿ ಯಂತ್ರಗಳೂ ಇದ್ದವು. ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಅಂತ ವಸ್ತುವಿಗೆ ಅಂಕ ಕೊಡುವ ಕೆಲಸವನ್ನು ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್‌ನಿಂದ ಶುರು ಮಾಡಿದ್ದಾರೆ. ಮೊಬೈಲ್ ಕೆಟ್ಟರೆ ಎರಡು ದಿನ ಮಾತು ನಿಲ್ಲುತ್ತದೆ. ಟ್ರ್ಯಾಕ್ಟರ್ ಕೆಟ್ಟರೆ ಒಂದು ವರ್ಷದ ಬೆಳೆ ಹೋಗುತ್ತದೆ. ಟ್ರ್ಯಾಕ್ಟರ್‌ಗೂ ಆ ಅಂಕ ಬೇಗ ಬರಲಿ ಅಂತ ರಾಜ್ಯದ ಕೃಷಿ ಇಲಾಖೆ ಕೇಂದ್ರಕ್ಕೆ ಬರೆಯಬೇಕು.

ಕೃಷಿ ಇಲಾಖೆಯ ಅಧಿಕಾರಿಗಳೇ, ನಿಮ್ಮ ಕೈಯಲ್ಲೇ ಆಗುವ ಕೆಲಸವೂ ಇದೆ. ಪ್ರತಿ ಮುಂಗಾರಿಗೆ ಮುಂಚೆ ಜಿಲ್ಲೆಯಲ್ಲಿ ಸಭೆ ಮಾಡುತ್ತೀರಿ. ಬೀಜ ಎಷ್ಟು ಬಂತು, ಗೊಬ್ಬರ ಎಷ್ಟು ಬಂತು ಅಂತ ಕೇಳುತ್ತೀರಿ. ಗೊಬ್ಬರದ ಅಂಗಡಿಯಲ್ಲಿ ದಾಸ್ತಾನು ಎಷ್ಟಿದೆ, ದರ ಎಷ್ಟು ಅಂತ ಬೋರ್ಡ್ ಹಾಕಲೇಬೇಕು, 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲೇ ಇದೆ. ಬೀಜ ಇದೆ, ಗೊಬ್ಬರ ಇದೆ, ಬಿತ್ತುವ ಟ್ರ್ಯಾಕ್ಟರ್ ಮಾತ್ರ ಬೇರಿಂಗ್ ಇಲ್ಲದೆ ನಿಂತಿದೆ ಅಂದರೆ ಆ ಸಭೆಯ ಕೆಲಸ ಪೂರ್ತಿ ಆದಂತಾಯಿತೇ? ಆ ಸಭೆಗೆ ಟ್ರ್ಯಾಕ್ಟರ್ ಡೀಲರ್‌ಗಳನ್ನೂ ಕರೆಯಿರಿ. ಮುಖ್ಯ ಸಾಮಾನುಗಳ ದಾಸ್ತಾನು ಕೇಳಿ. ಅದನ್ನು ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿ.

ಸಬ್ಸಿಡಿ ಕೊಡುವಾಗಲೂ ನಿಮಗೆ ಹಿಡಿತ ಇದೆ. ಸಬ್ಸಿಡಿಗೆ ಯಂತ್ರ ಸೇರಿಸಬೇಕಾದರೆ ಪರೀಕ್ಷಾ ವರದಿ ಕೇಳುತ್ತೀರಿ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರದ ಸಂಸ್ಥೆಯಂಥ ಕಡೆ ಎಳೆಯುವ ಶಕ್ತಿ, ಡೀಸೆಲ್ ಖರ್ಚು, ಲಿಫ್ಟ್ ಎತ್ತುವ ಭಾರ ಎಲ್ಲಾ ಅಳೆಯುತ್ತಾರೆ. ಅದರ ಜೊತೆಗೆ, ಈ ಕಂಪನಿಗೆ ನಮ್ಮ ಜಿಲ್ಲೆಯಲ್ಲಿ ಸರ್ವೀಸ್ ಎಲ್ಲಿದೆ, ಸಾಮಾನು ಎಲ್ಲಿ ಸಿಗುತ್ತದೆ, ಹೋದ ವರ್ಷದ ದೂರುಗಳು ಏನಾದವು ಅಂತಲೂ ಕೇಳಿ. ಮಿನಿ ಟ್ರ್ಯಾಕ್ಟರ್, ಪವರ್ ಟಿಲ್ಲರ್ ತೆಗೆದುಕೊಂಡ ಸಣ್ಣ ರೈತರಿಗೆ ಇದು ಬಹಳ ಮುಖ್ಯ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದ ಟ್ರ್ಯಾಕ್ಟರ್‌ಗಳೂ ಇದೇ ಸಾಮಾನಿಗೆ ಕಾಯುತ್ತವೆ. ಡೀಲರ್ ಶೆಡ್ಡಿನಲ್ಲಿ ಸಾಮಾನಿಲ್ಲದೆ ಟ್ರ್ಯಾಕ್ಟರ್ ನಿಂತ ರೈತನಿಗೆ ಯಂತ್ರಧಾರೆಯಲ್ಲಿ ಮೊದಲ ಸರದಿ ಕೊಡುವ ವ್ಯವಸ್ಥೆ ಆಗಲಿ, ಅದರ ಬಾಡಿಗೆಯನ್ನು ಕಂಪನಿ ಭರಿಸಲಿ.

ಬೆಲೆಯ ಬಗ್ಗೆ ಚಿಕ್ಕದಾಗಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಟೈರು ಮತ್ತು ಹಲವು ಬಿಡಿಭಾಗಗಳ ಮೇಲೆ ಶೇ 18 ಇದ್ದದ್ದು 5ಕ್ಕೆ ಬಂದಿದೆ. ಯಾವ ಸಾಮಾನಿಗೆ ಎಷ್ಟು ಇಳಿಯಿತು ಅನ್ನುವ ದರಪಟ್ಟಿ ಕೌಂಟರ್‌ನಲ್ಲಿ ಕಾಣಲಿ. ಎಸ್ಟಿಮೇಟ್ ಚೀಟಿ ಕೊಟ್ಟು ಕಳಿಸುವುದು ನಿಲ್ಲಲಿ, ಪಕ್ಕಾ ಬಿಲ್ ಕೊಡಿ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಅಂತಲೇ ಕರೆದಿದೆ.

ರೈತ ಬಂಧುಗಳಿಗೂ ಇಲ್ಲಿ ಒಂದು ಮಾತು. ಬಿಲ್, ಜಾಬ್ ಕಾರ್ಡ್, ಸರ್ವೀಸ್ ಕೂಪನ್ ಎಲ್ಲಾ ಒಂದು ಫೈಲಿನಲ್ಲಿ ಇಡಿ. ಸ್ವಂತ ಜೀವನಕ್ಕಾಗಿ ತಾನೇ ದುಡಿಯಲು ಕೊಂಡ ಟ್ರ್ಯಾಕ್ಟರ್ ಇದ್ದರೆ ನೀವೂ ಕಾಯ್ದೆ ಪ್ರಕಾರ ಗ್ರಾಹಕರೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನೀವು ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೇಸ್ ಹಾಕಬಹುದು, ಕಂಪನಿ ಆಫೀಸ್ ಇರುವ ಊರಿಗೆ ಓಡಬೇಕಾಗಿಲ್ಲ. 5 ಲಕ್ಷದಿಂದ 10 ಲಕ್ಷದವರೆಗೆ ಕೊಟ್ಟು ಕೊಂಡಿದ್ದರೆ ಶುಲ್ಕ 200 ರೂಪಾಯಿ. ಆದರೆ ಬಿತ್ತನೆ ಬಿಟ್ಟು ಆಯೋಗದ ಮೆಟ್ಟಿಲು ಹತ್ತುವ ಆಸೆ ಯಾವ ರೈತನಿಗೂ ಇಲ್ಲ. ನಮಗೆ ಬೇಕಾಗಿರುವುದು ಸಾಮಾನು.

ನಮ್ಮ ಕಡೆಯಿಂದ ಏನು ಮಾಡುತ್ತೇವೆ ಅಂತಲೂ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಶೆಡ್ ಖಾಲಿ ಇರುವಾಗ ನಮ್ಮ ಟ್ರ್ಯಾಕ್ಟರ್‌ಗಳನ್ನು ತಂದು ತೋರಿಸುತ್ತೇವೆ. ಕ್ಲಚ್, ಬ್ರೇಕ್, ಲಿಫ್ಟ್ ಎಷ್ಟು ಸವೆದಿದೆ ನೋಡಿ, ಆಗಬೇಕಾದ ಕೆಲಸ ಆಗಲೇ ಮಾಡಿಕೊಡಿ. ಬೇಸಿಗೆ ತಪಾಸಣೆಗೆ ಒಂದು ದಿನ ಗೊತ್ತು ಮಾಡಿ ಊರಿಗೇ ಬಂದರೆ ನಾವು ಎಲ್ಲರನ್ನೂ ಸೇರಿಸುತ್ತೇವೆ, ಜಾಗ, ನೀರು, ಊಟ ನಮ್ಮದು. ಬೇಕಾಗುವ ಸಾಮಾನಿಗೆ ಮುಂಗಡ ಕೇಳಿದರೆ ಅದನ್ನೂ ಕೊಡಲು ನಮ್ಮೂರಿನವರು ತಯಾರಿದ್ದಾರೆ. ತಂದಿಟ್ಟ ಸಾಮಾನು ನಿಮ್ಮ ಮೇಲೆ ಬೀಳುತ್ತದೆ ಅನ್ನುವ ಹೆದರಿಕೆ ಆಗ ಇರುವುದಿಲ್ಲ.

ಇದಕ್ಕಾಗಿ ನಮ್ಮೂರಿನ ಟ್ರ್ಯಾಕ್ಟರ್ ಇರುವವರೆಲ್ಲ ಕೂತು ಒಂದು ಪಟ್ಟಿ ಮಾಡಿದ್ದೇವೆ. ಯಾರ ಹತ್ತಿರ ಯಾವ ಮಾಡೆಲ್, ಯಾವ ವರ್ಷದ್ದು, ಮೀಟರ್ ಎಷ್ಟಾಗಿದೆ, ಹೋದ ಸೀಸನ್‌ನಲ್ಲಿ ಯಾವ ಸಾಮಾನಿಗೆ ಕಾದರು, ಈ ಸೀಸನ್‌ನಲ್ಲಿ ಏನು ಬೇಕಾಗಬಹುದು, ಎಲ್ಲಾ ಅದರಲ್ಲಿದೆ. ಇದರ ಒಂದು ಪ್ರತಿಯನ್ನು ತಾಲ್ಲೂಕಿನ ಪ್ರತಿ ಡೀಲರ್‌ಗೂ, ಒಂದನ್ನು ರೈತ ಸಂಪರ್ಕ ಕೇಂದ್ರಕ್ಕೂ ಕೊಡುತ್ತಿದ್ದೇವೆ. ಏಪ್ರಿಲ್ ಮುಗಿಯುವುದರೊಳಗೆ ಇದರಲ್ಲಿ ಏನು ತರಿಸುತ್ತೀರಿ, ಏನು ಆಗುವುದಿಲ್ಲ ಅಂತ ಅದೇ ಕಾಗದದ ಮೇಲೆ ಟಿಕ್ ಹಾಕಿ, ಸೀಲ್ ಒತ್ತಿ ವಾಪಸ್ ಕೊಡಿ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ಟ್ರ್ಯಾಕ್ಟರ್ ಮಾಲೀಕ